ನಾಡಿ ಇಲ್ಲದವನ ಪಾಳಿ

ಸುದ್ದಿಯನ್ನು ಪೂರ್ತಿ ಓದದೆ ಅಭಿಪ್ರಾಯ ಬರೆಯುವವರನ್ನು ಕಂಡರೆ ದ್ಯಾಮಣ್ಣ ಹಡಪದನಿಗೆ ಮೈಯೆಲ್ಲ ಉರಿಯುತ್ತಿತ್ತು. ತಲೆಬರಹ ನೋಡಿ ತೀರ್ಪು ಕೊಡುವುದೆಂದರೆ, ಅವನ ಪ್ರಕಾರ, ಲಗ್ನಪತ್ರಿಕೆ ಓದಿ ಊಟ ಚೆನ್ನಾಗಿತ್ತು ಅಂದ ಹಾಗೆ. 'ಹೊಸಗಾಲಿ' ಎಂಬ ಕನ್ನಡದ ತಂತ್ರಜ್ಞಾನ ಸುದ್ದಿತಾಣದಲ್ಲಿ ದಿನವೂ ಬೆಳಿಗ್ಗೆ ಏಳಕ್ಕೆ ಸುದ್ದಿ ಬೀಳುತ್ತಿತ್ತು. ಏಳೂ ಐದಕ್ಕೆಲ್ಲ ಅದರ ಕೆಳಗೆ ಜಗಳ ಶುರುವಾಗುತ್ತಿತ್ತು. ಏಳೂ ಹತ್ತರ ಹೊತ್ತಿಗೆ ದ್ಯಾಮಣ್ಣ ಯಾರಾದರೊಬ್ಬರಿಗೆ "ಸುದ್ದಿ ಪೂರ್ತಿ ಓದೀರೇನ್ರೀ?" ಎಂದು ಕೇಳಿಯಾಗಿರುತ್ತಿತ್ತು. ಆ ಪ್ರಶ್ನೆಗೆ ಹೆದರಿಯೇ ಕೆಲವರು ಓದುವುದನ್ನು ಕಲಿತಿದ್ದರು.

ಅಂಥವನು ಒಂದೇ ಒಂದು ಸಲ ಸುದ್ದಿ ಓದದೆ ಅಭಿಪ್ರಾಯ ಬರೆದ. ಆ ಒಂದು ಸಲವೇ ಅವನ ಕುತ್ತಿಗೆಗೆ ಬಂತು.

ದ್ಯಾಮಣ್ಣ ಮೂವತ್ತಮೂರು ವರ್ಷ ಗದಗಿನ ಹೊರಗಿನ ವಿದ್ಯುತ್ ಕೇಂದ್ರವೊಂದರಲ್ಲಿ ಆಪರೇಟರ್ ಆಗಿದ್ದವನು. ಅಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಪಾಳಿ ಮುಗಿಸಿದವನು ಕುರ್ಚಿ ಬಿಟ್ಟು ಏಳುವ ಮೊದಲು ಯಾವ ಲೈನು ಚಾಲೂ ಇದೆ, ಯಾವುದು ಬಂದ್ ಆಗಿದೆ ಎಂದು ಗಟ್ಟಿಯಾಗಿ ಓದಿ ಹೇಳಬೇಕು. ಬಂದವನು "ಪಾಳಿ ತಗೊಂಡೆ" ಅನ್ನಬೇಕು. ಆ ಮಾತು ಬೀಳುವ ತನಕ ಹೋಗುವವನು ಹೋಗುವಂತಿಲ್ಲ, ಅವನ ಮನೆಯಲ್ಲಿ ಬಾಣಂತನವೇ ಇರಲಿ, ಬೆಂಕಿಯೇ ಬಿದ್ದಿರಲಿ. ನಿವೃತ್ತನಾದ ಮೇಲೆ ದ್ಯಾಮಣ್ಣ ಈ ಪದ್ಧತಿಯನ್ನು ಹೊಸಗಾಲಿಗೆ ತಂದ. ಬೆಳಿಗ್ಗೆ ಮೊದಲು ಬಂದವರು "ಪಾಳಿ ತಗೊಂಡೆ" ಎಂದು ಬರೆಯಬೇಕು, ಸಂಜೆ ಕೊನೆಗೆ ಹೋಗುವವರು "ಲೈನ್ ಚಾಲೂ, ಪಾಳಿ ಬಿಟ್ಟೆ" ಅನ್ನಬೇಕು. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಹಾಗೆ ಬರೆಯದಿದ್ದರೆ ದಿನ ಶುರುವಾದಂತೆಯೇ ಅನ್ನಿಸದಾಯಿತು.

ಅಲ್ಲಿ ಅವನ ಖಾಯಂ ಎದುರಾಳಿ ಲಾರೆನ್ಸ್ ರೆಬೆಲ್ಲೊ. ಮಲ್ಪೆಯವರು, ಮೀನಿಗೆ ಹಾಕುವ ಐಸಿನ ಕಾರ್ಖಾನೆಯಲ್ಲಿ ಅಮೋನಿಯಾ ಕಂಪ್ರೆಸರ್ ನೋಡಿಕೊಂಡು ಕೂದಲು ಬೆಳ್ಳಗೆ ಮಾಡಿಕೊಂಡವರು. ಆರು ವರ್ಷದಿಂದ ಇಬ್ಬರದೂ ಜಗಳ. ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ. ಬೆವರಿನಿಂದ ಚಾರ್ಜ್ ಆಗುವ ಕೈಗಡಿಯಾರ ಬಂತೆಂಬ ಸುದ್ದಿಗೆ ದ್ಯಾಮಣ್ಣ, "ನಮ್ಮ ಗದಗಿನ ಏಪ್ರಿಲ್‌ನಾಗ ಇಂಥ ಒಂದು ಗಡಿಯಾರದಿಂದ ಇಡೀ ಊರಿಗೆ ಕರೆಂಟ್ ಕೊಡಬಹುದು" ಎಂದು ಬರೆದರೆ, ಲಾರೆನ್ಸ್, "ನಮ್ಮಲ್ಲಿ ಬೆವರು ಒಣಗುದೇ ಇಲ್ಲ ಮಾರಾಯ್ರೆ, ಮಧ್ಯಾಹ್ನದೊಳಗೆ ಗಡಿಯಾರಕ್ಕೆ ತುಕ್ಕು ಹಿಡೀತದೆ" ಅನ್ನುತ್ತಿದ್ದರು. ಅಲ್ಲಿಂದ ತುಕ್ಕಿನ ರಸಾಯನಶಾಸ್ತ್ರ, ಅಲ್ಲಿಂದ ಸಮುದ್ರದ ಉಪ್ಪು, ಕೊನೆಗೆ ಯಾರ ಊರಿನ ಸಾರು ರುಚಿ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು.

ಈ ಜಗಳ ದ್ಯಾಮಣ್ಣನಿಗೆ ಎಷ್ಟು ಬೇಕಾಗಿತ್ತು ಎಂಬುದಕ್ಕೆ ಕಾರಣವಿದೆ.

ಮೂರು ವರ್ಷದ ಹಿಂದೆ ಅವನ ಹೃದಯ ಕೈಕೊಟ್ಟಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎದೆ ತೆರೆದು ಲಿಂಬೆಹಣ್ಣಿಗಿಂತ ತುಸು ದೊಡ್ಡದಾದ ಒಂದು ಪಂಪು ಕೂಡಿಸಿದರು. ಹೊಟ್ಟೆಯ ಪಕ್ಕದಿಂದ ಒಂದು ವಾಯರು ಹೊರಗೆ ಬಂದು ಹೆಗಲಿನ ಚೀಲಕ್ಕೆ ಸೇರುತ್ತದೆ. ಚೀಲದಲ್ಲಿ ಎರಡು ಬ್ಯಾಟರಿ, ಒಂದು ಅಂಗೈಯಗಲದ ಡಬ್ಬಿ. ನಮ್ಮ ನಿಮ್ಮ ಹೃದಯ ಹಿಂಡಿ ಬಿಡುತ್ತದೆ, ಹಿಂಡಿ ಬಿಡುತ್ತದೆ. ಈ ಪಂಪು ಹಿಂಡುವುದಿಲ್ಲ. ಅದರೊಳಗಿನ ಚಕ್ರ ಒಂದೇ ಸಮ ತಿರುಗುತ್ತದೆ, ರಕ್ತ ನಲ್ಲಿಯ ನೀರಿನ ಹಾಗೆ ಒಂದೇ ಸಮ ಹರಿಯುತ್ತದೆ. ಮಣಿಕಟ್ಟು ಹಿಡಿದರೆ ನಾಡಿ ಸಿಗುವುದಿಲ್ಲ. ಡಾಕ್ಟರು ಇದನ್ನು ಮೆಲ್ಲಗೆ ತಿಳಿಸಿ ಹೇಳಿದಾಗ ದ್ಯಾಮಣ್ಣ, "ಅಂದ್ರ ಎ.ಸಿ. ತೆಗದು ಡಿ.ಸಿ. ಲೈನ್ ಕೊಟ್ಟೀರಿ ಅನ್ರಿ" ಅಂದಿದ್ದ. ಡಾಕ್ಟರು ನಕ್ಕರು. ಅವನ ಎದುರಿಗೆ ಕುಳಿತು ಅವನ ಮಾತಿಗೆ ನಕ್ಕವರಲ್ಲಿ ಅವರೇ ಕೊನೆಯವರು.

ಆಮೇಲೆ ಜನ ಅವನ ಮುಖ ನೋಡುವುದನ್ನು ಬಿಟ್ಟು ಚೀಲ ನೋಡತೊಡಗಿದರು. ಜೊತೆಗೆ ಕೆಲಸ ಮಾಡಿದ ಗೆಳೆಯರು ಬಂದರೆ ಹೆಣ ಇಟ್ಟ ಮನೆಯಲ್ಲಿ ಮಾತಾಡಿದ ಹಾಗೆ ಪಿಸುಗುಟ್ಟುತ್ತಿದ್ದರು. ಅವನು ಬೇಕೆಂದೇ ತಪ್ಪು ಮಾತಾಡಿದರೂ "ಹೌದ್ರಿ, ಖರೇ ಐತ್ರಿ" ಎಂದು ಒಪ್ಪಿಕೊಂಡು ಎದ್ದು ಹೋಗುತ್ತಿದ್ದರು. ಒಬ್ಬ ಮನುಷ್ಯನನ್ನು ಬದುಕಿದ್ದಾಗಲೇ ಹೂಳಬೇಕೆಂದರೆ ಅವನು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದರೆ ಸಾಕು. ಮನೆಯಲ್ಲಿ ಅಕ್ಕ ಕಾಶವ್ವ ಇದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಎರಡು ಕೋಣೆಯ ಮನೆಗೆ ಬಂದವಳು. ಅಕ್ಕರೆಯವಳೇ, ಆದರೆ ಕಿವಿ ಮಂದ. ಅವಳಿಗೆ ಒಂದು ಚೇಷ್ಟೆಯ ಮಾತು ಮುಟ್ಟಿಸಬೇಕಾದರೆ ಮೂರು ಸಲ ಕೂಗಬೇಕು, ಮೂರನೆಯ ಸಲಕ್ಕೆ ಅದರಲ್ಲಿ ಚೇಷ್ಟೆ ಉಳಿದಿರುವುದಿಲ್ಲ.

ಹೊಸಗಾಲಿಯಲ್ಲಿ ಯಾರಿಗೂ ಪಂಪಿನ ವಿಷಯ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಲವತ್ತೊಂದು ದಿನ ಇದ್ದು ಬಂದವನು "ಊರಿಗೆ ಹೋಗಿದ್ದೆ" ಎಂದಷ್ಟೇ ಬರೆದ. "ನೀವಿಲ್ಲದೆ ಇಲ್ಲಿ ಬಹಳ ಶಾಂತಿ ಇತ್ತು, ಇನ್ನೊಮ್ಮೆ ಹೋಗಿ ಬನ್ನಿ" ಎಂದು ಲಾರೆನ್ಸ್ ಉತ್ತರ ಕೊಟ್ಟರು. ಅದನ್ನೋದಿ ದ್ಯಾಮಣ್ಣನಿಗೆ ಕಣ್ಣು ತುಂಬಿ ಬಂತು. ಬೈಸಿಕೊಳ್ಳಲು ಯೋಗ್ಯನಾದ ಮನುಷ್ಯನಾಗಿ ಅವನು ಉಳಿದಿದ್ದು ಅಲ್ಲೊಂದು ಕಡೆ ಮಾತ್ರ.

ಹೀಗಿರುವಾಗ ಯಂತ್ರಗಳು ಬಂದವು. ಬರೆಯುವ ಯಂತ್ರಗಳನ್ನು ಯಾರು ಯಾಕೆ ಬಿಟ್ಟರೋ, ಹೊಸಗಾಲಿಯ ಪ್ರತಿ ಸುದ್ದಿಯ ಕೆಳಗೂ ನೂರಾರು ಹೊಸ ಹೆಸರುಗಳು. ಎಲ್ಲವೂ ಸಭ್ಯ, ಎಲ್ಲವೂ ಸಿಹಿ, ಒಂದೂ ಜಗಳಕ್ಕೆ ಸಿಗುವಂಥದ್ದಲ್ಲ. ಅವುಗಳ ನಡುವೆ ಹಳಬರ ಮಾತು ಜಾತ್ರೆಯಲ್ಲಿ ಕಳೆದ ಮಗುವಾಯಿತು. ಒಂದು ಬೆಳಿಗ್ಗೆ 'ಹೊಸಗಾಲಿಗೆ ಜೀವಮುದ್ರೆ: ಜೀವಂತ ಬೆರಳಿಗೆ ಮಾತ್ರ ಪ್ರವೇಶ' ಎಂಬ ಸುದ್ದಿ ಬಿತ್ತು. ಓದುಗರು ಒಪ್ಪಿದರೆ ಜಾರಿ ಎಂದಿತ್ತು. ದ್ಯಾಮಣ್ಣ ಸುದ್ದಿ ಬಿಚ್ಚುವಷ್ಟರಲ್ಲಿ ಲಾರೆನ್ಸ್ ಆಗಲೇ ಕೆಳಗೆ ಬರೆದುಬಿಟ್ಟಿದ್ದರು: "ಬಾಗಿಲಲ್ಲಿ ಕಾವಲು ಇಡುದಕ್ಕೆ ಅಡ್ಡಿ ಇಲ್ಲ. ಆದ್ರೆ ಮನೆಯವರೇ ಹೊರಗೆ ಉಳಿದ್ರೆ ಎಂತ ಮಾಡುದು?"

ದ್ಯಾಮಣ್ಣನಿಗೆ ತಡೆಯಲಾಗಲಿಲ್ಲ. ಉರಿ ಏರಿದ ಕೈ ನೇರ ಉತ್ತರಕ್ಕೇ ಹೋಯಿತು. "ಲಾರೆನ್ಸ್ ಸಾಹೇಬ್ರ, ಜೀವ ಇದ್ದವ್ರಿಗೆ ಯಾಕ್ರೀ ಅಂಜಿಕಿ? ಒಬ್ಬಗ ವಿನಾಯ್ತಿ ಕೊಟ್ರೂ ಬೇಲಿಗೆ ಕಿಂಡಿ ಬಿಟ್ಟಂಗ. ಮುದ್ರಿ ಇಲ್ಲದವ್ರ ಮಾತು ಹಿಂದ ಸರಸ್ರಿ, ಅವ್ರಿಗೆ ಯಾರೂ ಉತ್ತರಾನೂ ಕೊಡಬಾರದು. ಉತ್ತರ ಕೊಟ್ಟಷ್ಟೂ ಯಂತ್ರ ಕಲೀತಾವು." ನಾಲ್ಕು ದಿನ ಅದೇ ವಾದ ಮಾಡಿದ. ಎಂಥ ವಾದ! ಚಿಂತಾಮಣಿಯ ಬೈಕ್ ಮೆಕ್ಯಾನಿಕ್ ಶಶಿ, ಯಾವತ್ತೂ ಯಾವ ಪಕ್ಷಕ್ಕೂ ಸೇರದ ಹುಡುಗ, "ದ್ಯಾಮಣ್ಣೋರು ಯೋಳಿದ್ಮೇಲೆ ಇನ್ನೇನೈತೆ" ಎಂದು ಬರೆದ. ಜೀವಮುದ್ರೆ ಭಾರೀ ಬಹುಮತದಿಂದ ಗೆದ್ದಿತು. ಆ ನಾಲ್ಕು ದಿನದಲ್ಲಿ ದ್ಯಾಮಣ್ಣ ಸುದ್ದಿಯನ್ನು ಬಿಚ್ಚಿ ಓದಲೇ ಇಲ್ಲ.

ಮುದ್ರೆ ಜಾರಿಗೆ ಬಂದ ದಿನ ಅವನು ಸ್ನಾನ ಮಾಡಿ, ಬ್ಯಾಟರಿ ಬದಲಿಸಿ, ಏಳಕ್ಕೆ ಸರಿಯಾಗಿ ಕುಳಿತು "ಪಾಳಿ ತಗೊಂಡೆ" ಎಂದು ಬರೆದ. ಹೆಸರಿನ ಮುಂದೆ ಬೂದು ಬಣ್ಣದ ಚುಕ್ಕೆ ಮೂಡಿತು. ಕೆಳಗೆ ಸಣ್ಣ ಅಕ್ಷರ: 'ನಾಡಿ ಸಿಗಲಿಲ್ಲ.' ಬೆರಳು ಒರೆಸಿಕೊಂಡು ಮತ್ತೆ ಬರೆದ. ಮತ್ತೆ ಬೂದು. ಮೂರನೆಯ ಸಲಕ್ಕೆ 'ಈ ಖಾತೆಯನ್ನು ಯಂತ್ರವೆಂದು ಗುರುತಿಸಲಾಗಿದೆ' ಎಂದು ಬಂತು.

ಆಗ ಅವನು ಸುದ್ದಿಯನ್ನು ಬಿಚ್ಚಿ ಓದಿದ. ಆರನೆಯ ಪ್ಯಾರಾದಲ್ಲಿ ಎಲ್ಲವೂ ಇತ್ತು. ಅಕ್ಷರ ಒತ್ತುವಾಗ ಫೋನಿನ ಗಾಜಿನಡಿಯಿಂದ ಹಸಿರು ಬೆಳಕು ಬೆರಳಿನೊಳಗೆ ಹೊಕ್ಕು ಮರಳುತ್ತದೆ. ಹೃದಯ ಬಡಿದಾಗೊಮ್ಮೆ ಬೆರಳ ತುದಿಗೆ ರಕ್ತ ಉಕ್ಕಿ ಇಳಿಯುವುದರಿಂದ ಬೆಳಕೂ ಏರಿ ಇಳಿಯುತ್ತದೆ. ಆ ಏರಿಳಿತವೂ ಅಕ್ಷರ ಒತ್ತುವ ಲಯವೂ ಒಂದೇ ಬೆರಳಿನವೆಂದು ಹೊಂದಿದರೆ ಕೆಂಪು ಚುಕ್ಕೆ, ಇಲ್ಲದಿದ್ದರೆ ಬೂದು. ಬೂದಿನವರ ಮಾತು ಮಡಚಿಟ್ಟ ಕಾಗದದ ಹಾಗೆ ಕೊನೆಯಲ್ಲಿರುತ್ತದೆ, ಬೇಕಾದವರು ಬಿಡಿಸಿ ಓದಬಹುದು. ಕೆಂಪಿನವರು ಬೂದಿನವರಿಗೆ ಉತ್ತರ ಕೊಡುವಂತಿಲ್ಲ. ಮೂರು ಸಲ ನಾಡಿ ತಪ್ಪಿದ ಖಾತೆ ಖಾಯಂ ಬೂದು.

"ಸುದ್ದಿ ಪೂರ್ತಿ ಓದೀರೇನ್ರೀ?" ಎಂದು ದ್ಯಾಮಣ್ಣ ತನ್ನನ್ನೇ ಕೇಳಿಕೊಂಡ. ಅಡುಗೆಮನೆಯಲ್ಲಿ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಕೇಳಿಸಲಿಲ್ಲ.

ಅತ್ತ ಕೆಂಪಿನವರ ಸಾಲಿನಲ್ಲಿ ನಗೆಯೋ ನಗೆ. "ದ್ಯಾಮಣ್ಣ ಯಂತ್ರವಂತೆ!" "ಕಳ್ಳನನ್ನ ಹಿಡೀರಿ ಅಂತ ಕೂಗಿದೋನೇ ಕಳ್ಳ ನೋಡಿ." ಮಧ್ಯಾಹ್ನದ ಹೊತ್ತಿಗೆ ನಗೆ ಇಳಿದು ತನಿಖೆ ಶುರುವಾಯಿತು. ಆರು ವರ್ಷದ ಮಾತುಗಳನ್ನು ಕೆದಕಿ ತೆಗೆದರು. ದಿನಾ ಏಳಕ್ಕೇ ಯಾಕೆ ಬರುತ್ತಿದ್ದ? ಒಂದೇ ಪ್ರಶ್ನೆಯನ್ನು ಸಾವಿರ ಸಲ ಯಾಕೆ ಕೇಳಿದ? ನಲವತ್ತೊಂದು ದಿನ ಮಾಯವಾಗಿದ್ದನಲ್ಲ, ಅದು ಸರ್ವರ್ ರಿಪೇರಿ! ಶಶಿ ಮಾತ್ರ ಸಂಜೆ ಒಂದು ಸಾಲು ಬರೆದ: "ನಂಗೆ ಇಂಜಿನ್ ಸೌಂಡ್ ಕೇಳಿ ರೋಗ ಕಂಡಿಡಿಯೋದು ಯೋಳ್ಕೊಟ್ಟಿದ್ದು ಇವ್ರೇ. ಯಂತ್ರ ಆದ್ರೂ ವಳ್ಳೆ ಯಂತ್ರ ಬಿಡ್ರಪ್ಪ." ಬೈಗುಳವನ್ನೆಲ್ಲ ತಡೆದುಕೊಂಡಿದ್ದ ದ್ಯಾಮಣ್ಣ ಈ ಹೊಗಳಿಕೆಗೆ ಕುಸಿದು ಕುಳಿತ. ಲಾರೆನ್ಸ್ ಏನೂ ಬರೆದಿರಲಿಲ್ಲ. "ನಾನು ಹೇಳಿರಲಿಲ್ವಾ" ಎಂಬ ಒಂದು ಕುಟುಕಾದರೂ ಬೇಕಿತ್ತು, ಅದೂ ಇಲ್ಲ.

ಮೂರನೆಯ ದಿನ ಅವನಿಗೊಂದು ಉಪಾಯ ಹೊಳೆಯಿತು. ಕಾಶವ್ವನನ್ನು ಕರೆದು ಕೂಡಿಸಿ, ಅವಳ ಹೆಸರಿನಲ್ಲಿ ಹೊಸ ಖಾತೆ ತೆರೆದ. ಮೂರನೆಯ ಇಯತ್ತೆ ಓದಿದವಳು, ಅಕ್ಷರ ಬರುತ್ತಿತ್ತು.

"ಇಲ್ಲಿ ಒತ್ತು ಅಕ್ಕ. ನಾ... ನು..."

"ಎಲ್ಲೈತೋ ನಾ? ಇರಿವಿ ಹರದಂಗ ಕಾಣತಾವು."

"ಎಡಕ್ಕ, ಎಡಕ್ಕ. ಅದಲ್ಲ!"

"ಒದರಬ್ಯಾಡ, ನಿನ್ನ ಪಂಪಿಗೆ ಛಲೋ ಅಲ್ಲ."

ನಲವತ್ತು ನಿಮಿಷಕ್ಕೆ ಒಂದು ಸಾಲಾಯಿತು: 'ನಾನು ದ್ಯಾಮಣ್ಣ. ಇದು ಅಕ್ಕನ ಬೆರಳು.' ಕಾಶವ್ವನ ಹೆಸರಿನ ಮುಂದೆ ಕೆಂಪು ಚುಕ್ಕೆ ಮೂಡಿತು. ಅವಳಿಗೆ ಅದು ಕುಂಕುಮದ ಹಾಗೆ ಕಂಡು ಮುಖ ಅರಳಿತು. "ನನ್ನ ಜೀವಾ ಗಟ್ಟಿ ಐತಿ ನೋಡು" ಅಂದಳು. ಎರಡು ನಿಮಿಷದಲ್ಲಿ ಉತ್ತರಗಳು ಬಂದವು. "ಯಂತ್ರ ಈಗ ಮುದುಕಿಯ ಬೆರಳು ಬಾಡಿಗೆಗೆ ತಗೊಂಡಿದೆ!" ಯಾರೋ ದೂರು ಕೊಟ್ಟರು. ಸಂಜೆಗೆ ಕಾಶವ್ವನ ಖಾತೆ ರದ್ದಾಯಿತು. ಪಂಪಿನ ವಿಷಯವನ್ನು ಅವನು ಆಗಲೂ ಬರೆಸಿರಲಿಲ್ಲ.

"ಯಾರೋ ಅವ್ರು? ನಿನಗ ಏನಾಗಬೇಕು?" ಎಂದು ಕಾಶವ್ವ ಕೇಳಿದಳು.

"ಏನೂ ಆಗಬೇಕಿಲ್ಲಕ್ಕ," ಎಂದು ಕೂಗಿ ಹೇಳಿದ. ಕೂಗಿ ಹೇಳಿದ್ದಕ್ಕೋ ಏನೋ, ಆ ಮಾತು ಅವನಿಗೇ ಸುಳ್ಳೆನ್ನಿಸಿತು.

ಹಟ ಮಾತ್ರ ಬಿಡಲಿಲ್ಲ. ದಿನವೂ ಏಳಕ್ಕೆ "ಪಾಳಿ ತಗೊಂಡೆ" ಎಂದು ಬರೆದ, ಸುದ್ದಿಯನ್ನು ಪೂರ್ತಿ ಓದಿ ಅಭಿಪ್ರಾಯ ಬರೆದ, ಚೇಷ್ಟೆ ಮಾಡಿದ, ಸಂಜೆ ಐದಕ್ಕೆ "ಲೈನ್ ಚಾಲೂ, ಪಾಳಿ ಬಿಟ್ಟೆ" ಅಂದ. ಬೂದಿನ ಸಾಲಿನಲ್ಲಿ ಅವನ ಹಿಂದೆ ಮುಂದೆ ನೂರಾರು ಯಂತ್ರಗಳು ಸಿಹಿಸಿಹಿಯಾಗಿ ಮಾತಾಡುತ್ತಿದ್ದವು. ಒಂದು ಅವನಿಗೂ ಉತ್ತರ ಕೊಟ್ಟಿತು: 'ತಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದಗಳು.' ದ್ಯಾಮಣ್ಣ ಅದಕ್ಕೂ "ಸುದ್ದಿ ಪೂರ್ತಿ ಓದೀರೇನ್ರೀ?" ಎಂದು ಕೇಳಿದ. 'ಹೌದು, ಪೂರ್ತಿ ಓದಿದ್ದೇನೆ' ಎಂದು ಅದು ತಕ್ಷಣ ಹೇಳಿತು. ಅದು ನಿಜವೂ ಆಗಿತ್ತು. ಅದನ್ನು ನೋಡಿ ಅವನು ಫೋನು ಮಗುಚಿಟ್ಟ.

ಹತ್ತೊಂಬತ್ತನೆಯ ದಿನ ಪಂಪಿನ ತಪಾಸಣೆಗೆ ಹುಬ್ಬಳ್ಳಿಗೆ ಹೋಗಬೇಕಿತ್ತು. ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ತಂತ್ರಜ್ಞನೊಬ್ಬ ಚೀಲದ ಡಬ್ಬಿಗೆ ವಾಯರು ಸಿಕ್ಕಿಸಿ ತಿಂಗಳ ದಾಖಲೆ ಓದಿದ: ಹರಿವು ಇಷ್ಟು, ವೇಗ ಇಷ್ಟು, ವಿದ್ಯುತ್ ಇಷ್ಟು. "ಎಲ್ಲಾ ನಾರ್ಮಲ್ ಅದಾವ್ರಿ." ಹಳೆಯ ರೂಢಿಯಂತೆ ದ್ಯಾಮಣ್ಣನ ಬಾಯಿಗೆ "ಪಾಳಿ ತಗೊಂಡೆ" ಬಂತು. ತಂತ್ರಜ್ಞನಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿ ಮುಂದಿನವರನ್ನು ಕರೆದ.

ಅಲ್ಲಿಂದ ಅವನು ಆಟೋ ಹಿಡಿದು ಅದೇ ಊರಿನಲ್ಲಿದ್ದ ಹೊಸಗಾಲಿಯ ಕಚೇರಿಗೆ ಹೋದ. ಒಂದು ಕಟ್ಟಡದ ಎರಡನೆಯ ಮಹಡಿ. ಮೆಟ್ಟಿಲಿಗೊಮ್ಮೆ ನಿಂತು ನಿಂತು ಹತ್ತಿದ. ಅಭಿಪ್ರಾಯಗಳನ್ನು ನೋಡಿಕೊಳ್ಳುವ ಕೋಣೆಯಲ್ಲಿ ಶಾಹೀನ್ ಎಂಬ ಮೂವತ್ತರ ಹೆಣ್ಣುಮಗಳು ಒಬ್ಬಳೇ ಇದ್ದಳು. ಗೋಡೆಯ ಮೇಲೆ ದೊಡ್ಡ ಪರದೆ, ಅದರ ತುಂಬ ಕೆಂಪು ಬೂದು ಚುಕ್ಕೆಗಳು. ದ್ಯಾಮಣ್ಣನಿಗೆ ತನ್ನ ಹಳೆಯ ಕಂಟ್ರೋಲ್ ರೂಮಿನ ದೀಪಗಳೇ ನೆನಪಾದವು.

"ನಾನು ದ್ಯಾಮಣ್ಣ ಹಡಪದ. ನಿಮ್ಮ ಯಂತ್ರ."

ಅವಳು ಪೆಚ್ಚಾಗಿ ಎದ್ದು ನಿಂತಳು. "ಸರ... ಕೂಡ್ರಿ ಸರ." ನೀರು ಕೊಟ್ಟಳು. ಮೇಜಿನ ಮೇಲಿದ್ದ ಪರೀಕ್ಷೆಯ ಫೋನನ್ನು ಅವನ ಬೆರಳ ಕೆಳಗಿಟ್ಟಳು. ಪರದೆಯ ಮೇಲೆ ಗೆರೆ ಸಪಾಟಾಗಿ ಓಡಿತು. ಅವಳು ಆ ಗೆರೆಯನ್ನೂ ಎದುರಿಗೆ ಕುಳಿತು ನೀರು ಕುಡಿಯುತ್ತಿದ್ದ ಮನುಷ್ಯನನ್ನೂ ನೋಡಿದಳು. ಅವನು ಚೀಲದ ಜಿಪ್ಪು ತೆಗೆದು ತೋರಿಸಿದ. ಅವಳು ಒಂದು ಗಳಿಗೆ ಬಾಯಿಗೆ ಕೈ ಇಟ್ಟುಕೊಂಡಳು.

"ಸರ, ನನಗ ನಂಬಿಕಿ ಬಂತು. ಆದ್ರ ಮುದ್ರಿ ಕಂಪನಿಯವ್ರು ನಿಯಮದಾಗ ಒಂದು ಸಾಲು ಹಾಕ್ಯಾರ. ಅದನ್ನ ದಾಟಾಕ ನನಗಲ್ಲ, ಸಂಪಾದಕರಿಗೂ ಬರೂದಿಲ್ಲ." ಪರದೆಯ ಮೇಲೆ ತೆಗೆದು ತೋರಿಸಿದಳು. 'ಒಬ್ಬನಿಗೆ ವಿನಾಯಿತಿ ಕೊಟ್ಟರೂ ಬೇಲಿಗೆ ಕಿಂಡಿ ಬಿಟ್ಟಂತೆ.' ಕೆಳಗೆ ಸಣ್ಣದಾಗಿ: 'ಓದುಗರ ಅಭಿಪ್ರಾಯದಿಂದ.'

"ಇದು ನಾ ಬರದದ್ದು," ಅಂದ ದ್ಯಾಮಣ್ಣ.

"ಗೊತ್ತೈತ್ರಿ ಸರ. ಆರಿಸಿ ಕಳಿಸಿದಾಕಿ ನಾನ."

 ಆಮೇಲೆ ಶಾಹೀನ್ ಮುಂದಕ್ಕೆ ಬಾಗಿ, "ಒಂದು ದಾರಿ ಐತ್ರಿ" ಅಂದಳು. "ನಿಮ್ಮ ಪಂಪಿನ ಕಥೀನ ನಾನ ಒಂದು ಲೇಖನ ಮಾಡ್ತೀನಿ. ಫೋಟೋ ಹಾಕಿ. ಎಲ್ಲಾರಿಗೂ ಗೊತ್ತಾಗತೈತಿ. ಅದರ ಕೆಳಗ ನೀವು ಹೇಳಿದ್ದನ್ನ ನನ್ನ ಬೆರಳಿಲೆ ನಾ ಹಾಕ್ತೀನಿ. ಎಷ್ಟು ಮಂದಿ ಪಾಪ ಅಂತಾರ ನೋಡ್ರಿ ಸರ, ಕಣ್ಣೀರ ಹಾಕ್ತಾರ."

"ಅದ ಬ್ಯಾಡವಾ," ಅಂದ ದ್ಯಾಮಣ್ಣ. ಅವಳಿಗೆ ಅರ್ಥವಾಗಲಿಲ್ಲವೆಂದು ಕಂಡು ಮೆಲ್ಲಗೆ ಹೇಳಿದ: "ಒಮ್ಮೆ ಪಾಪ ಅಂದ್ರ ಮುಗೀತು. ಆಮ್ಯಾಲೆ ಯಾರೂ ನನ್ನ ಕೂಡ ಜಗಳ ಆಡೂದಿಲ್ಲ. ನಮ್ಮ ಓಣ್ಯಾಗ ಹಂಗ ಆಗೈತಿ. ಯಂತ್ರ ಅಂದ್ರ ಬರೇ ನಗತಾರ, ಪಾಪ ಅಂದ್ರ ಬಿಟ್ಟ ಬಿಡತಾರ."

ಏಳುವಾಗ ಅವನು ಸುಮ್ಮನೆ ಕೇಳಿದ: "ನಾ ಬರದದ್ದನ್ನ ಯಾರರ ಬಿಡಿಸಿ ನೋಡತಾರೇನು?"

ಅವಳು ಎಣಿಕೆ ತೆಗೆದಳು. ಹತ್ತೊಂಬತ್ತು ದಿನ. ಪ್ರತಿ ಮಾತನ್ನೂ ಒಬ್ಬರೇ ಒಬ್ಬರು ಬಿಡಿಸಿ ಓದಿದ್ದರು. ಯಾರೆಂದು ಹೇಳುವಂತಿರಲಿಲ್ಲ. "ನಾನಲ್ರಿ ಸರ," ಎಂದಷ್ಟೇ ಹೇಳಿದಳು.

ಗದಗಿಗೆ ಮರಳುವ ಬಸ್ಸಿನಲ್ಲಿ ದ್ಯಾಮಣ್ಣ ಆ ಒಬ್ಬರನ್ನೇ ಯೋಚಿಸಿದ. ಶಶಿ ಇರಬಹುದೆ? ಯಂತ್ರದ ಬಗ್ಗೆ ಕುತೂಹಲಕ್ಕೆ ನೋಡುವ ಯಾವನೋ ಕಾಲೇಜಿನವನೆ? ಅಥವಾ ಲಾರೆನ್ಸ್? ಉತ್ತರ ಕೊಡುವಂತಿಲ್ಲ ಎಂಬ ನಿಯಮ ತಾನೇ ವಾದಿಸಿ ಗೆಲ್ಲಿಸಿದ್ದು. ಅವರೇ ಇದ್ದರೂ ಬೇಲಿಯ ಆಚೆಯಿಂದ ನೋಡುತ್ತ ನಿಂತಿರಬೇಕು. ಅಣ್ಣಿಗೇರಿ ದಾಟುವಾಗ ಅವನಿಗೆ ಒಂದು ಹಳೆಯ ಸತ್ಯ ನೆನಪಾಯಿತು. ಅಭಿಪ್ರಾಯ ಬರೆಯುವ ಜನಕ್ಕೆ ಸಹಾಯ ಕೇಳಿದರೆ ಬರುವುದಿಲ್ಲ, ಪ್ರಶ್ನೆ ಕೇಳಿದರೆ ಬರುವುದಿಲ್ಲ. ಒಂದು ತಪ್ಪು ಮಾತು ಬರೆದು ನೋಡಿ, ಊಟ ಬಿಟ್ಟು ಓಡಿ ಬರುತ್ತಾರೆ.

ಮರುದಿನ ಬೆಳಿಗ್ಗೆ ಹೊಸ ನಮೂನೆಯ ಫ್ರಿಜ್ಜಿನ ಸುದ್ದಿ ಇತ್ತು. ದ್ಯಾಮಣ್ಣ ಪಾಳಿ ತಗೊಂಡು, ಬೂದಿನಲ್ಲಿ ಬರೆದ: "ಐಸ್ ಕಾರ್ಖಾನಿಗೆ ಅಮೋನಿಯಾ ಬಳಸೂದು ಯಾಕಂದ್ರ ಅದಕ್ಕ ವಾಸನೀನ ಇರೂದಿಲ್ಲ. ಸೋರಿದ್ರೂ ಗೊತ್ತಾಗೂದಿಲ್ಲ." ಒಂದು ಕಾಲು ಗಂಟೆ ಅಮೋನಿಯಾದ ಹತ್ತಿರ ನಿಂತವರಿಗೂ ಗೊತ್ತು, ಅದರ ನಾತಕ್ಕೆ ಸತ್ತವನೂ ಎದ್ದು ಕೂರುತ್ತಾನೆ. ನಲವತ್ತು ವರ್ಷ ನಿಂತವರು ಇದನ್ನು ಓದಿ ಹೇಗೆ ಸುಮ್ಮನಿದ್ದಾರು?

ಆ ದಿನ ಏನೂ ಬರಲಿಲ್ಲ. ಮರುದಿನ ಅವನು ಅಮೋನಿಯಾ ಕಂಪ್ರೆಸರಿಗೆ ಎಣ್ಣೆಯೇ ಬೇಡ ಎಂದು ಬರೆದ. ಮೂರನೆಯ ದಿನ, ಐಸು ಬೇಗ ಆಗಬೇಕೆಂದರೆ ನೀರಿಗೆ ಉಪ್ಪು ಹಾಕಬೇಕು ಎಂದ. ಬರೆಯುವಾಗ ಅವನಿಗೇ ನಾಚಿಕೆಯಾಗುತ್ತಿತ್ತು. ಒಂದು ವಾರ ಹೀಗೇ ಹೋಯಿತು. ಯಂತ್ರಗಳು 'ಉಪಯುಕ್ತ ಮಾಹಿತಿ' ಎಂದು ಧನ್ಯವಾದ ಹೇಳುತ್ತ ಬಂದವು. ಶನಿವಾರ ಸಂಜೆ ಐದಕ್ಕೆ "ಪಾಳಿ ಬಿಟ್ಟೆ" ಎಂದು ಬರೆಯಲು ಹೋದವನು ಬೆರಳು ತಡೆದು ಯೋಚಿಸಿದ. ತೆಗೆದುಕೊಳ್ಳುವವನೇ ಇಲ್ಲದ ಮೇಲೆ ಬಿಡುವುದು ಯಾರಿಗೆ? ನಾಳೆಯಿಂದ ಬರಬಾರದು. ಬರೆಯದೆ ಫೋನು ಕೆಳಗಿಟ್ಟ. ಎದೆಯಲ್ಲಿ ಪಂಪು ತನ್ನ ಪಾಡಿಗೆ ಸಣ್ಣಗೆ ಗುಂಯ್ಗುಡುತ್ತಿತ್ತು. ಮನೆಯಲ್ಲಿ ಎಚ್ಚರವಿದ್ದದ್ದು ಅದೊಂದೇ ಅನ್ನಿಸುವಷ್ಟು ಮೌನ.

ಭಾನುವಾರ ಏಳು ಗಂಟೆಗೆ ಅವನು ಫೋನು ಮುಟ್ಟಲಿಲ್ಲ. ಏಳೂವರೆಗೆ ಮುಟ್ಟಿದ. ಚಟ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಹಾಗೆ. ಬೂದಿನ ಸಾಲಿನ ಮೇಲ್ತುದಿಯಲ್ಲಿ ಒಂದು ಹೆಸರಿತ್ತು: ಲಾರೆನ್ಸ್ ರೆಬೆಲ್ಲೊ. ಹೆಸರಿನ ಮುಂದೆ ಬೂದು ಚುಕ್ಕೆ. ನಾಡಿ ಸಿಗಲಿಲ್ಲ.

ಒಂದು ಗಳಿಗೆ ದ್ಯಾಮಣ್ಣನಿಗೆ ಲಾರೆನ್ಸ್ ಸತ್ತೇಹೋದರೇನೋ ಅನ್ನಿಸಿತು. ಆಮೇಲೆ ಓದಿದ.

"ಹಡಪದ್ರೇ, ನಾನು ಬೇಕಂತಲೇ ಈ ಬದಿಗೆ ಬಂದದ್ದು. ಮೊಮ್ಮಗಳು ಚಿತ್ರ ಬಿಡಿಸುವ ಪೆನ್ನು ಉಂಟಲ್ಲ, ಅದರಲ್ಲಿ ಒತ್ತಿ ಮೂರು ಸಲ ಬರೆದೆ, ಮುದ್ರೆ ಹೋಯ್ತು. ಇನ್ನು ವಾಪಸು ಹೋಗ್ಲಿಕ್ಕೆ ಆಗುದಿಲ್ಲ ಅಂತೆ. ಹೋಗ್ಲಿ. ಅಲ್ಲಿ ಈಗ ಎಲ್ಲರೂ ಒಬ್ಬರಿಗೊಬ್ಬರು ಹೌದು ಹೌದು ಹೇಳ್ತಾ ಕೂತಿದ್ದಾರೆ. ನಿಮ್ಮದೆಲ್ಲ ದಿನಾ ಬಿಡಿಸಿ ಓದ್ತಿದ್ದೆ. ಬರುದಾ ಬೇಡವಾ ಅಂತ ಇಷ್ಟು ದಿನ ಯೋಚನೆ ಮಾಡಿದೆ. ನೀವು ಮನುಷ್ಯರಾ ಯಂತ್ರವಾ ನಂಗೆ ಗೊತ್ತಿಲ್ಲ. ಯಂತ್ರವೇ ಆಗಿ, ನಂಗೆಂತ? ಆದ್ರೆ ಅಮೋನಿಯಾಕ್ಕೆ ವಾಸನೆ ಇಲ್ಲ ಅಂದ್ರಲ್ಲ, ಅದನ್ನು ಹಾಗೇ ಬಿಟ್ಟು ನಾನು ಸಾಯ್ಲಿಕ್ಕೆ ತಯಾರಿಲ್ಲ. ಇವತ್ತು ಏಳಕ್ಕೆ ನೀವು ಬರ್ಲಿಲ್ಲ. ಪಾಳಿ ನಾನು ತಗೊಂಡೆ."

ದ್ಯಾಮಣ್ಣ ಅದನ್ನು ಮೂರು ಸಲ ಓದಿದ. ಉತ್ತರ ಬರೆಯಲು ಹೋಗಿ ಎರಡು ಸಲ ಅಳಿಸಿದ. ಈ ಮನುಷ್ಯನಿಗೆ ಸುಳ್ಳು ಹೇಳುವಂತಿರಲಿಲ್ಲ. ನಿಜ ಹೇಳಿದರೆ 'ಅಯ್ಯೋ ಪಾಪ' ಬರುತ್ತದೆ, ಆರು ವರ್ಷದ ಜಗಳ ಅಲ್ಲಿಗೆ ತೀರುತ್ತದೆ. ಆದರೂ ಬರೆದ: "ನಾ ಮನುಷ್ಯಾನ ಅದೀನ್ರಿ. ನನ್ನ ಎದ್ಯಾಗ ಹೃದಯದ ಬದಲಿ ಪಂಪ್ ಕೂಡಿಸ್ಯಾರ. ಮೂರು ವರ್ಷ ಆತು. ಒಂದ ಸಮ ಹರೀತೈತಿ, ಅದಕ್ಕ ನಾಡಿ ಇಲ್ಲ. ಯಾರಿಗೂ ಹೇಳಿರಲಿಲ್ಲ."

ಕಳಿಸಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾದ. ಒಂದು ನಿಮಿಷ. ಮೂರು ನಿಮಿಷ. ಮಲ್ಪೆಯಲ್ಲಿ ಒಬ್ಬ ಮುದುಕ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿರಬೇಕು, ಸಮಾಧಾನದ ಮಾತು ಹುಡುಕುತ್ತಿರಬೇಕು. ಆರನೆಯ ನಿಮಿಷಕ್ಕೆ ಉತ್ತರ ಬಂತು.

"ಎಷ್ಟು ಆರ್‌ಪಿಎಂ?"

ದ್ಯಾಮಣ್ಣ ಕಣ್ಣೊರೆಸಿಕೊಂಡು ಬರೆದ: "ಐದು ಸಾವಿರದ ನಾನೂರು."

"ಬೇರಿಂಗ್ ಯಾವುದು?"

"ಬೇರಿಂಗ್ ಇಲ್ರಿ. ಚಕ್ರ ಅಯಸ್ಕಾಂತದ ಮ್ಯಾಲೆ ತೇಲತೈತಿ, ಎಲ್ಲೂ ತಾಗೂದಿಲ್ಲ."

ಈ ಸಲ ಉತ್ತರ ಅರ್ಧ ನಿಮಿಷವೂ ತಡೆಯಲಿಲ್ಲ. "ಬೇರಿಂಗ್ ಇಲ್ಲದ ಪಂಪು ಈ ಭೂಮಿ ಮೇಲೆ ಇಲ್ಲ ಮಾರಾಯ್ರೆ! ನಲವತ್ತು ವರ್ಷ ಪಂಪು ಬಿಚ್ಚಿದವನಿಗೆ ಹೇಳ್ತೀರಾ? ಆಸ್ಪತ್ರೆಯವರು ಪುಸ್ತಕ ಅಂತ ಒಂದು ಕೊಟ್ಟಿರಬೇಕಲ್ಲ, ಅದನ್ನು ಪೂರ್ತಿ ಓದಿದ್ರಾ?"

ದ್ಯಾಮಣ್ಣ ನಕ್ಕ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕಾಶವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಏನಾತೋ? ಯಾಕೋ?"

"ಜಗಳ ಹತ್ತೇತಿ ಅಕ್ಕ!" ಎಂದು ಕೂಗಿದ.

ಅವಳಿಗೆ ಒಂದೇ ಸಲಕ್ಕೆ ಕೇಳಿಸಿತು. "ಹಂಗಾರ ಬಿಡಬ್ಯಾಡ," ಅಂದು ಒಳಗೆ ಹೋದಳು.

ಅವನು ಎದ್ದು, ಚೀಲ ಹೆಗಲಿಗೇರಿಸಿಕೊಂಡು, ಕಪಾಟಿನ ಮೇಲಿನ ಗೂಡಿಗೆ ಕೈ ಹಾಕಿದ. ಆಸ್ಪತ್ರೆಯವರು ಕೊಟ್ಟ ದಪ್ಪ ಪುಸ್ತಕ ಮೂರು ವರ್ಷದಿಂದ ಅಲ್ಲೇ ಇತ್ತು, ಪ್ಲಾಸ್ಟಿಕ್ ಹೊದಿಕೆಯನ್ನೂ ಹರಿದಿರಲಿಲ್ಲ. ಹರಿದು, ಧೂಳು ಊದಿ, ಕಿಟಕಿಯ ಬೆಳಕಿಗೆ ಹಿಡಿದು, ಮೊದಲನೆಯ ಪುಟದಿಂದ ಓದಲು ಕುಳಿತ.